ಹದಿನೈದು ದಿನದ ಅಡುಗೆ ಕಟ್ಟೆ

ಹೋದ ತಿಂಗಳು ಪುಟ್ಟೇನಹಳ್ಳಿಯಿಂದ ಗೆಳೆಯನೊಬ್ಬ ಫೋನ್ ಮಾಡಿದ. ಅವನ ಮನೆಯ ಅಡುಗೆಮನೆ ಒಡೆಸಿ ಹೊಸದು ಮಾಡಿಸುತ್ತಿದ್ದಾರಂತೆ. "ಒಂದು ತಿಂಗಳ ಮಟ್ಟಿಗೆ ಹಾಲ್‌ನಲ್ಲೇ ಒಂದು ಕಟ್ಟೆ ಥರ ಏನಾದ್ರೂ ಎಬ್ಬಿಸ್ಕೊಡು ಗುರು. ಜಾಸ್ತಿ ಖರ್ಚಾಗ್ಬಾರ್ದು" ಎಂದ. ಇಂಥದ್ದಕ್ಕೆಲ್ಲ ಜನ ನನ್ನನ್ನೇ ಕರೆಯುತ್ತಾರೆ. ಹಳೇ ಬಾಗಿಲು ಎಲ್ಲಿ ಸಿಗುತ್ತದೆ, ತುಂಡು ಕಲ್ಲು ಯಾರ ಹತ್ತಿರ ಅಗ್ಗ, ಯಾವ ಅಂಗಡಿಯವನ ಎದುರು ಎಷ್ಟು ಹೊತ್ತು ನಿಂತರೆ ದರ ಇಳಿಯುತ್ತದೆ, ಎಲ್ಲ ನನಗೆ ಗೊತ್ತು. ಬಿಟಿಎಂನಲ್ಲಿ ಖಾನಾವಳಿ ಇಟ್ಟುಕೊಂಡವನಿಗೆ ಗೊತ್ತಿರಲೇಬೇಕು.

ಹೋದಾಗ ಗೇಟಿನ ಹೊರಗೆ ಒಬ್ಬ ಕಡಪ ಕಲ್ಲು ಕೊಯ್ಯುತ್ತಿದ್ದ. ಇನ್ನೊಬ್ಬ ಮಷೀನಿನ ಬಾಯಿಗೆ ಮಗ್ಗಿನಿಂದ ನೀರು ಬಿಡುತ್ತಿದ್ದ. ಕೊಯ್ದ ಕಲ್ಲಿನ ಒದ್ದೆ ಧೂಳಿಗೆ ಅದರದೇ ಒಂದು ವಾಸನೆ ಇದೆ, ಕಾದ ಕಬ್ಬಿಣವನ್ನು ನೀರಿಗೆ ಅದ್ದಿದ ಹಾಗೆ. ಅದು ಮೂಗಿಗೆ ಬಡಿದದ್ದೇ, ಜೇಬಿನಿಂದ ಅಳತೆ ಟೇಪು ತೆಗೆಯುತ್ತಿದ್ದ ಕೈ ಅಲ್ಲೇ ನಿಂತಿತು.

"ಈ ಮನೇಲಿ ಅಡುಗೆ ಮಾಡೋರು ಯಾರು? ಮೊದಲು ಅವರನ್ನ ಕರಿ" ಎಂದೆ.

"ಅಳತೆ ತಗೊಳ್ಳೋಕೆ ನೀನಿದೀಯಲ್ಲಪ್ಪ, ಅವಳ್ಯಾಕೆ?" ಎಂದು ಗೆಳೆಯ ನಕ್ಕ.

ನನಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಇದೇ ಕೆಲಸದಲ್ಲಿ ಒಂದು ಏಟು ತಿಂದಿದ್ದೇನೆ. ಅದರ ಅದುರು ಇನ್ನೂ ಪೂರ್ತಿ ನಿಂತಿಲ್ಲ.

ನಾನು ಗದಗಿನ ಕಡೆಯವನು. ಬೆಂಗಳೂರಿಗೆ ಬಂದು ತಟ್ಟೆ ತೊಳೆದೆ, ಸಪ್ಲೈ ಮಾಡಿದೆ, ಕಡೆಗೆ ಬಿಟಿಎಂ ಎರಡನೇ ಹಂತದಲ್ಲಿ ಮೂರಂತಸ್ತಿನ ಕಟ್ಟಡವೊಂದರ ಕೆಳಗೆ ಸ್ವಂತ ಖಾನಾವಳಿ ತೆರೆದೆ. ಜೋಳದ ರೊಟ್ಟಿ, ಎಣಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಪಲ್ಯ ಸಾರು ನನ್ನ ಹೆಂಡತಿ ಶಾಂತಾಳದು. ಗಲ್ಲಾ ಮತ್ತು ಚೌಕಾಶಿ ನನ್ನದು. ರೊಟ್ಟಿ ನೀಲವ್ವನದು.

ನೀಲವ್ವ ನಮ್ಮ ಕಡೆಯವಳೇ. ಐವತ್ತು ದಾಟಿದ ಹೆಂಗಸು, ಗಂಡ ಇಲ್ಲ, ಮಕ್ಕಳಿಲ್ಲ, ಹಿಂದಿನ ಗಲ್ಲಿಯಲ್ಲಿ ಒಂದು ರೂಮು. ನಾನು ನೀಲಕ್ಕ ಅನ್ನುತ್ತಿದ್ದೆ. ನಮ್ಮಲ್ಲಿಗೆ ಬರುವ ಪಿಜಿ ಹುಡುಗರು, ಆಫೀಸಿನವರು, ಸೆಕ್ಯೂರಿಟಿಯವರು ಊಟಕ್ಕೆ ಮೊದಲು ಅಡುಗೆಮನೆಯ ಬಾಗಿಲಲ್ಲಿ ಒಂದು ನಿಮಿಷ ನಿಂತು ಅವಳನ್ನು ನೋಡುತ್ತಿದ್ದರು. ಅವಳು ಎದುರಿನ ಗೋಡೆ ನೋಡುತ್ತ, ಯಾರದೋ ಮನೆ ಸುದ್ದಿ ಹೇಳುತ್ತ ರೊಟ್ಟಿ ಬಡಿಯುತ್ತಿದ್ದಳು. ಕೆಳಗೆ ಕೈ ತನ್ನಷ್ಟಕ್ಕೆ ತಿರುಗುತ್ತಿತ್ತು. ಎಡಗೈ ಹಿಟ್ಟಿಗೆ, ಬಲಗೈ ನೀರಿಗೆ, ಅಲ್ಲಿಂದ ಹಂಚಿಗೆ. ರೊಟ್ಟಿ ಬೆಂದದ್ದು ಅವಳಿಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಹುಡುಗರು ವಿಡಿಯೊ ಮಾಡಿಕೊಳ್ಳುವಾಗ ನಾನು ಹಿಂದೆ ನಿಂತು ಕೊಚ್ಚಿಕೊಳ್ಳುತ್ತಿದ್ದೆ: "ನಮ್ಮ ನೀಲಕ್ಕ ಕಣ್ಣು ಮುಚ್ಚಿಕೊಂಡು ರೊಟ್ಟಿ ಬಡೀತಾಳೆ, ನೋಡ್ಕೊಳ್ಳಿ!"

ಈ ಮಾತನ್ನು ಎಷ್ಟು ಸಲ ಹೇಳಿದ್ದೆನೋ. 

ಅವಳದು ಒಂದೇ ಕಟ್ಟಪ್ಪಣೆ. "ನನ್ನ ಕಟ್ಟಿ ಮ್ಯಾಲಿನ ಸಾಮಾನು ಯಾರೂ ಸರಿಸಬ್ಯಾಡ್ರಿ." ನೀರಿನ ಬೋಗುಣಿ ಒಂದು ಬೆರಳು ಆಚೆ ಹೋದರೂ ರೇಗುತ್ತಿದ್ದಳು. ಒಳ್ಳೆ ಅಡುಗೆಯವರಿಗೆ ಇರುವ ಗರ್ವ ಎಂದು ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಆ ಕಟ್ಟೆ ಹಳೆಯದು, ಕಡಪ ಕಲ್ಲಿನದು. ಎಡಗಡೆಯ ಅಂಚಿನಲ್ಲಿ ಹೆಬ್ಬೆರಳು ಹಿಡಿಸುವಷ್ಟು ಕಲ್ಲು ಹಾರಿ ಮುಕ್ಕಾಗಿತ್ತು. ಜಾಗ ಹಿಡಿಯುವಾಗ ಆ ಮುಕ್ಕನ್ನೇ ತೋರಿಸಿ ಓನರ್ ಮುನಿರಾಜಣ್ಣನ ಹತ್ತಿರ ಅಡ್ವಾನ್ಸ್ ಇಳಿಸಿದ್ದೆ. ಮುನಿರಾಜಣ್ಣ ಇಲ್ಲಿನ ಹಳೇ ಊರಿನವರು. ಈ ಕಟ್ಟಡ ನಿಂತಿರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಈಗ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಾಡಿಗೆದಾರರನ್ನು ಎಣಿಸುತ್ತಾರೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ತರಕಾರಿ ತೆಗೆದುಕೊಂಡು ಬರುತ್ತಿದ್ದೇನೆ, ನಮ್ಮ ಖಾನಾವಳಿಯ ಒಳಗಿನಿಂದಲೇ ಸುತ್ತಿಗೆಯ ಸದ್ದು! ಚೀಲ ಅಲ್ಲೇ ಹಾಕಿ ಓಡಿದೆ. ಅರ್ಧ ಕಟ್ಟೆ ನೆಲದ ಮೇಲಿತ್ತು. ಮೇಸ್ತ್ರಿ ಆರ್ಮುಗಂ ಉಳಿದರ್ಧಕ್ಕೆ ಉಳಿ ಇಟ್ಟಿದ್ದ.

"ಏನಣ್ಣ ಇದು? ಹೇಳ್ದೆ ಕೇಳ್ದೆ ಒಡೆಯೋದಾ?" ಎಂದು ಕೂಗಿದೆ.

ಮುನಿರಾಜಣ್ಣ ಕುರ್ಚಿಯಿಂದ ಏಳಲೂ ಇಲ್ಲ. "ಕೆಳಗೆ ಪೈಪ್ ಒಡ್ದೋಗದೆ ಈರಣ್ಣ. ನೀರಿನ ಸಂಪ್‌ಗೆ ಗಲೀಜು ನೀರು ಬರ್ತಾದೆ. ಕಟ್ಟೆ ಕೆಳಗೇ ಪೈಪ್ ಇದ್ರೆ ನಾನೇನ್ ಮಾಡ್ಲಿ? ಹದಿನೈದೇ ದಿನ."

"ನಿನ್ನೆ ಒಂದ್ ಮಾತು ಹೇಳ್ಬೋದಿತ್ತಲ್ಲ?"

"ಹೇಳಿದ್ರೆ ನೀನು ಚೌಕಾಶಿಗೆ ಕೂತ್ಕೊತಿದ್ದೆ. ನಂಗೆ ಪೈಪ್ ಮುಖ್ಯ ಕಣಪ್ಪ."

ಅದು ಆ ಮಳೆಗಾಲದ ಮೊದಲ ಆಘಾತ. ಅದೇ ದೊಡ್ಡದು ಎಂದು ಅವತ್ತು ಅಂದುಕೊಂಡೆ.

ಖಾನಾವಳಿ ಮುಚ್ಚುವ ಹಾಗಿರಲಿಲ್ಲ. ಎರಡು ಗಲ್ಲಿ ಆಚೆ ನಮ್ಮ ಕಡೆಯವನೇ ಒಬ್ಬ ಹೊಸ ಖಾನಾವಳಿ ತೆರೆದಿದ್ದ. ಊಟದವರು ಒಂದು ವಾರ ಅಲ್ಲಿಗೆ ಹೋದರೆ ಆಮೇಲೆ ಇತ್ತ ತಿರುಗಿ ನೋಡುವುದಿಲ್ಲ. ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ಒಂದು ಕಾರು ನಿಲ್ಲುವಷ್ಟು ಓಣಿ ಇತ್ತು. ಅರ್ಧಕ್ಕೆ ಶೀಟು, ಇನ್ನರ್ಧಕ್ಕೆ ಟಾರ್ಪಾಲು ಕಟ್ಟಿ ಅಲ್ಲೇ ಅಡುಗೆ ಎಂದು ತೀರ್ಮಾನಿಸಿದೆ.

ಈಗ ನೀವು ಕೇಳದಿದ್ದರೂ ಹೇಳುತ್ತೇನೆ, ನಾಳೆ ನಿಮಗೂ ಬೇಕಾಗಬಹುದು. ತಾತ್ಕಾಲಿಕ ಕಟ್ಟೆಗೆ ಮಡಚುವ ಟೇಬಲ್ಲು ತರಬೇಡಿ, ಹಿಟ್ಟು ನಾದುವಾಗ ಅದು ನಿಮ್ಮ ಜೊತೆಗೇ ಕುಣಿಯುತ್ತದೆ. ಹಾಲೋ ಬ್ಲಾಕ್ ತನ್ನಿ. ಸಿಮೆಂಟು ಬೇಡ, ಒಂದರ ಮೇಲೊಂದು ಅಡ್ಡ ಉದ್ದ ಪೇರಿಸಿದರೆ ಅವುಗಳ ಭಾರಕ್ಕೆ ಅವೇ ನಿಲ್ಲುತ್ತವೆ, ಕೆಲಸ ಮುಗಿದ ಮೇಲೆ ಮಾರಿಬಿಡಬಹುದು. ಮೇಲೆ ಹಳೇ ಬಾಗಿಲು ಹಾಸಿ. ಬಾಗಿಲ ಮೇಲೆ ನೇರ ಒಲೆ ಇಡಬೇಡಿ, ಒಲೆಯ ಜಾಗಕ್ಕೂ ಬಡಿಯುವ ಜಾಗಕ್ಕೂ ಕಡಪ ಕಲ್ಲಿನ ತುಂಡು ಹಾಕಿ. ಮಟ್ಟ ನೋಡಲು ಒಂದು ಚಮಚ ನೀರು ಸಾಕು. ನೀರು ಯಾವ ಕಡೆ ಓಡುತ್ತದೋ ಆ ಕಡೆ ಕೆಳಗೆ ಹಳೇ ಕ್ಯಾಲೆಂಡರಿನ ರಟ್ಟು ತುರುಕಿ.

ಬಾಗಿಲಿಗೆ ಬಿಳೇಕಹಳ್ಳಿಯ ಹತ್ತಿರದ ಹಳೇ ಸಾಮಾನಿನ ಗೋಡೌನಿಗೆ ಹೋದೆ. ಅಂಗಡಿಯವನು ಒಂದು ಬಾಗಿಲು ತಟ್ಟಿ, "ತೇಗದ ಫ್ರೇಮು ಅಣ್ಣ. ಸಾವಿರದೈನೂರು" ಎಂದ.

"ತೇಗ ಆಗಿದ್ರೆ ನೀನು ಇಲ್ಲಿ ಬಿಸಿಲಿಗೆ ಮಲಗಿಸ್ತಿದ್ಯಾ?" ಎಂದು ಬಾಗಿಲನ್ನು ತಿರುಗಿಸಿ ಹಾಕಿದೆ. "ಇಲ್ನೋಡು, ಕೆಳಗೆ ನೀರು ಕುಡಿದು ಊದಿದೆ. ಇಲ್ಲಿ ಬೀಗದ ತೂತು. ನಾಲ್ಕುನೂರು."

"ತೂತಿಲ್ದೆ ಇದ್ರೆ ಬೀಗ ಎಲ್ಲಿ ಹಾಕ್ತೀರಣ್ಣ?"

"ನಾನು ಬೀಗ ಹಾಕಲ್ಲ ಮಾರಾಯ, ರೊಟ್ಟಿ ಬಡೀತೀನಿ."

ಅವನು ನಕ್ಕ. ನಕ್ಕವನು ದರ ಇಳಿಸದೆ ಇರುವುದಿಲ್ಲ. ಆರುನೂರಕ್ಕೆ ಬಾಗಿಲು, ಜೊತೆಗೆ ಅದರ ಮೇಲೆ ಹಾಸಲು ಒಂದು ರೆಕ್ಸಿನ್ ತುಂಡು ಪುಕ್ಕಟೆ. ನನ್ನ ಪದ್ಧತಿಯೇ ಇದು. ಯಾವ ಸಾಮಾನನ್ನಾದರೂ ತಿರುಗಿಸಬೇಕು, ಹುಳುಕು ಹುಡುಕಬೇಕು, ಅದನ್ನು ಗಟ್ಟಿಯಾಗಿ ಹೇಳಬೇಕು.

ಸಂಜೆಯೊಳಗೆ ಕಟ್ಟೆ ಎದ್ದು ನಿಂತಿತು. ಎತ್ತರವನ್ನು ನನ್ನ ಸೊಂಟಕ್ಕೆ ಅಳೆದುಕೊಂಡಿದ್ದೆ. ಓಡಾಡಲು ಸಲೀಸಾಗಲಿ ಎಂದು ನಾಲ್ಕು ಕಡೆಯೂ ಜಾಗ ಬಿಟ್ಟು ಓಣಿಯ ನಡುವೆ ನಿಲ್ಲಿಸಿದ್ದೆ. ಹೊಸ ಕಟ್ಟೆಯ ಮುಕ್ಕಾಲು ಖರ್ಚು ಉಳಿಸಿದೆ ಎಂದು ಶಾಂತಾಳ ಎದುರು ಎದೆ ಉಬ್ಬಿಸಿದೆ.

ಮರುದಿನ ನೀಲವ್ವ ಬಂದಳು. ಓಣಿಯ ಬಾಯಲ್ಲೇ ನಿಂತಳು. ಮುಂದೆ ಬರಲೇ ಇಲ್ಲ.

"ಬಾ ನೀಲಕ್ಕ, ಹೆಂಗೈತಿ ನೋಡು ನಿನ್ನ ಸಿಂಹಾಸನ" ಎಂದೆ.

ನಿಧಾನಕ್ಕೆ ಬಂದು ಎರಡೂ ಕೈ ಕಟ್ಟೆಯ ಮೇಲಿಟ್ಟು ಅಂಚಿನುದ್ದಕ್ಕೂ ಸವರಿದಳು. ಸೀರೆ ಅಂಗಡಿಯಲ್ಲಿ ನಮ್ಮ ಹೆಂಗಸರು ಸೆರಗು ಸವರುತ್ತಾರಲ್ಲ, ಹಾಗೆ. "ಎತ್ತರ ಆತ್ರಿ. ಬಲಕ್ಕ ಗ್ವಾಡಿ ಇಲ್ಲ. ಗ್ವಾಡಿಗೆ ಹಚ್ಚಿ ಇಡಾಕ ಬರಂಗಿಲ್ಲೇನ್ರಿ?"

"ಗ್ವಾಡಿಗೆ ಹಚ್ಚಿದ್ರ ಆ ಕಡೆಯಿಂದ ತಟ್ಟೆ ಹೆಂಗ ಎತ್ತೂದು? ಹದಿನೈದು ದಿನ ಸುಧಾರಿಸ್ಕೋ."

"ಒಂದು ಗೇಣರ ಸರಿಸ್ರಿ."

"ನೀಲಕ್ಕಾ, ಕಟ್ಟೆ ಮಾಡ್ಸಿದ್ದು ನಾನು. ರೊಟ್ಟಿ ಮಾಡಾಕಿ ನೀನು. ಅವರವರ ಕೆಲಸ ಅವರವರು ನೋಡ್ಕೊಳ್ಳೋಣ."

ಅವತ್ತೇ ಮೂರು ರೊಟ್ಟಿ ಕಟ್ಟೆಯಿಂದ ಜಾರಿ ನೆಲಕ್ಕೆ ಬಿದ್ದವು. ಎರಡನೇ ದಿನ ಮೊಣಕೈ ತಾಗಿ ಹಿಟ್ಟಿನ ಡಬ್ಬಿ ಉರುಳಿತು. ಮೂರನೇ ದಿನ ಬೆರಳಿಗೆ ಬೊಬ್ಬೆ. ಮಳೆ ಹಿಡಿದುಕೊಂಡಿತ್ತು, ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ತುಂಬಿ ಜೋತು ಬೀಳುತ್ತಿತ್ತು, ಅದನ್ನು ಕೋಲಿನಿಂದ ಎತ್ತಿ ಚೆಲ್ಲುವುದೇ ನನಗೊಂದು ಕೆಲಸ. ಒಳಗೆ ಊಟದವರು ಗೊಣಗಲು ಶುರು ಮಾಡಿದ್ದರು. "ಏನಣ್ಣ, ರೊಟ್ಟಿ ಒಂದ್ ಕಡೆ ಕಪ್ಪು, ಇನ್ನೊಂದ್ ಕಡೆ ಹಸಿ. ನೀಲಕ್ಕ ರಜಾನಾ?"

ಅದೇ ವಾರ ಆಚೆ ಗಲ್ಲಿಯ ಖಾನಾವಳಿಯ ಬಾಗಿಲಿಗೆ ಒಂದು ರಟ್ಟು ತೂಗಿತು: ರೊಟ್ಟಿ ಮಾಡುವವರು ಬೇಕಾಗಿದ್ದಾರೆ.

ನನ್ನ ತಲೆಯಲ್ಲಿ ಚಕ್ಕನೆ ಎಲ್ಲ ಕೂಡಿಕೊಂಡಿತು. ಕೂಡಿದ್ದೆಲ್ಲ ತಪ್ಪು ಎಂದು ಆಗ ಹೊಳೆಯಲಿಲ್ಲ. ಓಹೋ, ಇವಳು ಬೇಕೆಂದೇ ಕೆಲಸ ಕೆಡಿಸುತ್ತಿದ್ದಾಳೆ. ಕಟ್ಟೆ ಸರಿ ಇಲ್ಲ ಎಂಬುದು ನೆಪ. ನಾನು ಬಾಗಿಲಿನಲ್ಲಿ ತೂತು ತೋರಿಸಿದ ಹಾಗೆ ಇವಳು ನನಗೆ ತೂತು ತೋರಿಸುತ್ತಿದ್ದಾಳೆ. ಕೊನೆಗೆ ಸಂಬಳದ ಮಾತು ಬರುತ್ತದೆ, ಇಲ್ಲವೇ ಅತ್ತ ಹೋಗುತ್ತಾಳೆ. ಚೌಕಾಶಿಯಲ್ಲಿ ನಾನು ಯಾವತ್ತೂ ಮೊದಲು ಬಾಯಿ ಬಿಡುವವನಲ್ಲ. ಅವಳೇ ಕೇಳಲಿ ಎಂದು ಕಾದೆ.

"ಅಕಿಗೆ ಏನೋ ಆಗೈತ್ರಿ. ಕೂಡಿಸಿಕೊಂಡು ಕೇಳ್ರಿ" ಎಂದು ಶಾಂತಾ ಎರಡು ಸಲ ಹೇಳಿದಳು.

"ಕೇಳಿದ್ರ ನಾನೇ ಮೊದಲು ಇಳಿದಂಗ ಆಗ್ತೈತಿ. ನೀ ಸುಮ್ನಿರು."

"ಹೆಂಡ್ತಿ ಹತ್ರ ಮಾತಾಡೂ ಮುಂದನೂ ಗೋಡೌನಿನ್ಯಾಗ ನಿಂತಂಗ ನಿಂದರ್ತೀರಿ ನೀವು."

ಇನ್ನೊಂದು ಸಂಗತಿ. ಆ ದಿನಗಳಲ್ಲಿ ಕಟ್ಟೆಯ ಅಂಚಿನಲ್ಲಿ ಅಲ್ಲಲ್ಲಿ ಕಡಲೆ ಗಾತ್ರದ ಹಿಟ್ಟಿನ ಉಂಡೆಗಳು ಒತ್ತಿ ಒಣಗಿರುತ್ತಿದ್ದವು. ಒಲೆಯ ಹತ್ತಿರ ಎರಡು, ಬೋಗುಣಿಯ ಹತ್ತಿರ ಒಂದು, ಮೂಲೆಗೆ ಒಂದು. ಎಂಥ ಗಲೀಜು, ಹೊರಗೆ ಅಡುಗೆ ಮಾಡುವಾಗಲಾದರೂ ಶುಚಿ ಬೇಡವೇ ಎಂದು ದಿನಾ ಸಂಜೆ ಅಂಗಡಿ ಮುಚ್ಚುವ ಮುಂಚೆ ಚಾಕು ತೆಗೆದುಕೊಂಡು ಕೆರೆದು ಹಾಕುತ್ತಿದ್ದೆ. ಮರುದಿನ ಮತ್ತೆ ಇರುತ್ತಿದ್ದವು. ಮತ್ತೆ ಕೆರೆಯುತ್ತಿದ್ದೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಹದಿನೈದು ದಿನ ಕಳೆಯಿತು. ಪೈಪು ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಸೋರುತ್ತಿತ್ತು. ಮುನಿರಾಜಣ್ಣ ಕುರ್ಚಿಯಲ್ಲೇ ಕೂತು, "ಇನ್ನೊಂದ್ ಹದಿನೈದು ದಿನ ಅಷ್ಟೇ" ಎಂದರು.

ಅದು ನಡೆದದ್ದು ಒಂದು ಶುಕ್ರವಾರ ಮಧ್ಯಾಹ್ನ. ಬೆಳಿಗ್ಗೆ ಗಾಳಿ ಜೋರಾಗಿ ಟಾರ್ಪಾಲಿನ ಮೂಲೆ ಹರಿದು, ಒಲೆಯ ಮೇಲೆಯೇ ನೀರು ತೊಟ್ಟಿಕ್ಕುತ್ತಿತ್ತು. ನಾನು ಒಲೆಯನ್ನು ಒಂದು ಗೇಣು ಎಡಕ್ಕೆ ಎಳೆದೆ. ಯಾರಿಗೂ ಹೇಳಲಿಲ್ಲ. ಒಂದು ಗೇಣಿಗೆ ಹೇಳುವುದೇನು? ಊಟದ ಹೊತ್ತು, ಒಳಗೆ ಎಲ್ಲ ಟೇಬಲ್ಲೂ ತುಂಬಿದೆ, ರೊಟ್ಟಿ ರೊಟ್ಟಿ ಎಂದು ಕೂಗುತ್ತಿದ್ದಾರೆ. ನೀಲವ್ವ ರೊಟ್ಟಿ ಎತ್ತಿ ಹಂಚಿನ ಮೇಲೆ ಹಾಕಿದಳು. ಅದು ಅರ್ಧ ಹಂಚಿನ ಮೇಲೆ, ಅರ್ಧ ಬೆಂಕಿಯಲ್ಲಿ ಬಿತ್ತು. ಅದನ್ನು ಎಳೆದುಕೊಳ್ಳಲು ಯಾವಾಗಲೂ ಒಲೆಯ ಎಡಕ್ಕಿರುತ್ತಿದ್ದ ಒದ್ದೆ ಬಟ್ಟೆಗೆ ಚಾಚಿದ ಎಡಗೈ ಹಂಚಿನ ಮೇಲೆ ಪೂರ್ತಿ ಅಂಗೈಯಾಗಿ ಕೂತಿತು.

ಚುಂಯ್ ಎಂಬ ಸದ್ದು ಮೊದಲು ಕೇಳಿಸಿತು. ಅವಳು ಕೂಗಲಿಲ್ಲ. ಕೂಗಿದ್ದು ನಾನು.

"ಕಣ್ಣು ಕಾಣಂಗಿಲ್ಲೇನ್ ನಿನಗ?"

ಅವಳು ಕೈ ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು. ನನ್ನ ಮುಖ ಎಲ್ಲಿದೆ ಎಂದು ಹುಡುಕಿ, ಸಿಕ್ಕ ಮೇಲೆ ಹೇಳಿದಳು.

"ಇಲ್ರೀ."

ಟಾರ್ಪಾಲಿನ ಮೇಲೆ ಮಳೆ ಬಡಿಯುತ್ತಿತ್ತು. ಒಳಗೆ ಯಾರೋ ಇನ್ನೂ ರೊಟ್ಟಿ ಕೇಳುತ್ತಿದ್ದರು. ನನಗೆ ಆ ಎರಡಕ್ಷರದ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ, ಬೆಂಕಿಗೆ ಬಿದ್ದ ರೊಟ್ಟಿ ಅಷ್ಟರಲ್ಲಿ ಇದ್ದಿಲಾಗಿತ್ತು. ಶಾಂತಾ ಓಡಿ ಬಂದು ಒಲೆ ಆರಿಸಿ, ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು.

"ಏನಂದಿ?" ಎಂದೆ.

"ಎದುರಿಗಿದ್ದದ್ದು ಒಂದೀಟು ಕಾಣ್ತೈತ್ರಿ. ಬಾಜೂಕಿನದು ಕಾಣಂಗಿಲ್ಲ. ಎಡಗಣ್ಣಂತೂ ಪೂರಾ ಹೋಗಿ ಎರಡು ವರ್ಷ ಆತು."

ಎರಡು ವರ್ಷ! ದಿನಾ ಬೆಳಿಗ್ಗೆ ನನ್ನೆದುರು ಚಹಾ ಕುಡಿದವಳು. ಅವಳ ಹಿಂದೆ ನಿಂತು ಕಣ್ಣು ಮುಚ್ಚಿ ಬಡೀತಾಳೆ ಎಂದು ಕೂಗಿದವನು ನಾನು. ಟೊಮೆಟೊದ ಬುಡದಲ್ಲಿನ ಕಪ್ಪು ಚುಕ್ಕೆ ದೂರದಿಂದಲೇ ಕಾಣುವ ಕಣ್ಣು ನನ್ನದು. ನನಗೆ ಕಾಣಲಿಲ್ಲವೇ?

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಏನ್ ಮಾಡ್ತಿದ್ರಿ ಹೇಳ್ರಿ?" ಸುಟ್ಟ ಕೈ ನೀರಿನಲ್ಲಿದ್ದರೂ ಅವಳ ಮಾತು ನೆಟ್ಟಗಿತ್ತು. "ಹಳೇ ಬಾಗಲಾ ತರೂ ಮುಂದನೂ ತಿರುವ್ಯಾಡಿ ಹುಳುಕು ಹುಡುಕೂ ಮನಷ್ಯಾ ನೀವು. ಕಣ್ಣಿಲ್ಲದಾಕಿನ್ನ ಬೆಂಕಿ ಮುಂದ ಯಾರು ನಿಂದರಸ್ತಾರ? ನನಗ ಇದೊಂದು ಕಟ್ಟಿ ಬಿಟ್ರ ಏನೈತ್ರಿ?"

ಶಾಂತಾ ನನ್ನ ಕಡೆ ನೋಡಲೂ ಇಲ್ಲ.

ಕೈಗೆ ಪಟ್ಟಿ ಕಟ್ಟಿಸಿ, ಆಟೋದಲ್ಲಿ ಜಯನಗರದ ಕಡೆಯ ಒಂದು ಕಣ್ಣಾಸ್ಪತ್ರೆಗೆ ಹೋದೆವು. ಬೆಂಚಿನ ಮೇಲೆ ಕಾಯುತ್ತ ಕೂತಾಗ ಅವಳು ತಾನಾಗಿಯೇ ಹೇಳತೊಡಗಿದಳು, ಎರಡು ವರ್ಷದ ಮಾತು ಒಟ್ಟಿಗೆ ಬಂದ ಹಾಗೆ. ಹಳೇ ಕಟ್ಟೆಯ ಎಡಕ್ಕೆ ಮುಕ್ಕು ಇತ್ತಲ್ಲ, ಹೆಬ್ಬೆರಳನ್ನು ಅದಕ್ಕೆ ಕೊಟ್ಟು ನಿಂತರೆ ಬೋಗುಣಿ ಎಷ್ಟು ದೂರ, ಹಂಚು ಎಷ್ಟು ದೂರ ಎಂದು ಅವಳ ತೋಳಿಗೆ ಗೊತ್ತಿತ್ತಂತೆ. ಬಲ ಮೊಣಕೈ ಗೋಡೆಗೆ ತಾಗಿದರೆ ಅಲ್ಲಿಗೆ ಕಟ್ಟೆ ಮುಗಿಯಿತು. ಅವಳ ಜಗತ್ತೆಲ್ಲ ಆ ಮುಕ್ಕಿಗೂ ಆ ಗೋಡೆಗೂ ನಡುವೆ ಇತ್ತು.

"ನಿಮ್ಮ ಬಾಗಲದ ಕಟ್ಟಿಗೆ ಮುಕ್ಕೂ ಇಲ್ಲ, ಗ್ವಾಡಿನೂ ಇಲ್ಲ. ಹಿಟ್ಟಿನ ಗುರುತು ಮಾಡಿ ಇಟ್ಕೊಂಡಿದ್ನಿ. ದಿನಾ ಮುಂಜಾನೆ ಬಂದ್ರ ಒಂದೂ ಇರತಿರಲಿಲ್ಲ. ಮತ್ತ ಗೇಣು ಹಾಕಿ ಇಡೂದು. ಇಲಿ ತಿಂತಾವೋ ಏನೋ ಅಂದ್ಕೊಂಡೆ."

ನಾನು ನೆಲ ನೋಡುತ್ತಿದ್ದೆ. ಇಲಿಯಲ್ಲ, ನಾನು ಎಂದು ಹೇಳಬೇಕಿತ್ತು. ಚಾಕು ಹಿಡಿದ ನನ್ನದೇ ಕೈ ಕಣ್ಣ ಮುಂದೆ ಬಂತು. ಕತ್ತಲಲ್ಲಿ ನಡೆಯುವವಳ ದಾರಿಯ ದೀಪಗಳನ್ನು ದಿನಾ ಸಂಜೆ ಒಂದೊಂದಾಗಿ ಆರಿಸಿ, ಶುಚಿ ಮಾಡಿದೆ ಎಂದು ಕೈ ತೊಳೆದುಕೊಂಡು ಮನೆಗೆ ಹೋಗಿದ್ದೆ.

ಡಾಕ್ಟರ್ ವಯಸ್ಸಾದ ಹೆಂಗಸು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ನನಗೆ ಒಂದು ಕಾಗದ ಸುರುಳಿ ಸುತ್ತಿ ಕೊಟ್ಟು, "ಒಂದು ಕಣ್ಣು ಮುಚ್ಕೊಂಡು ಇದರಲ್ಲಿ ನೋಡಿ. ಹಾಗೇ ಟೇಬಲ್ ಮೇಲಿರೋ ಪೆನ್ ತಗೊಳ್ಳಿ" ಎಂದರು. ನೋಡಿದೆ. ಡಾಕ್ಟರ ಕನ್ನಡಕ ಕಂಡಿತು, ಸುತ್ತ ಏನೂ ಇಲ್ಲ. ಪೆನ್ನಿಗೆ ಕೈ ಹಾಕಿದೆ. ನೀರಿನ ಲೋಟ ಉರುಳಿ ಅವರ ಕಾಗದವೆಲ್ಲ ಒದ್ದೆಯಾಯಿತು.

"ಇವರು ಹೀಗೇ ನೋಡ್ತಿದಾರೆ. ಕಣ್ಣಿನ ಒಳಗೆ ಒತ್ತಡ ಜಾಸ್ತಿಯಾಗಿ ನರ ಹಾಳಾಗಿದೆ. ನೋವಿರಲ್ಲ, ಅದಕ್ಕೇ ಮೊದಲು ಗೊತ್ತಾಗಲ್ಲ. ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದು ಉಳೀಬೇಕಾದ್ರೆ ಡ್ರಾಪ್ಸ್ ಒಂದು ಹೊತ್ತೂ ತಪ್ಪಬಾರದು. ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಇದೂ ಹೋಗಿರೋದು." ಆಮೇಲೆ ಕೇಳಿದರು, "ಏನು ಕೆಲಸ ಮಾಡ್ತಾರೆ? ಬೆಂಕಿ ಹತ್ರ ಅಲ್ಲ ತಾನೇ?"

"ಅಲ್ರೀ ಅಲ್ರೀ" ಎಂದಳು ನೀಲವ್ವ, ನಾನು ಉಸಿರೆತ್ತುವ ಮೊದಲೇ. "ಬರೇ ಹಿಟ್ಟು ನಾದೂದು." ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ವಾಪಸ್ ಬರುವಾಗ ಆಟೋದ ಪರದೆ ಮಳೆಗೆ ಪಟಪಟ ಎನ್ನುತ್ತಿತ್ತು. ಅವಳು ಕೇಳಿದಳು, "ನಾಳಿಂದ ಬರಬ್ಯಾಡ ಅಂತೀರೇನ್ರಿ?"

ನಿಜ ಹೇಳುತ್ತೇನೆ. ನಾನು ತಕ್ಷಣ ಇಲ್ಲ ಎನ್ನಲಿಲ್ಲ. ಬೆಂಕಿ, ಊಟದವರು, ಆಚೆ ಗಲ್ಲಿಯ ಖಾನಾವಳಿ, ಎಲ್ಲ ತಲೆಯಲ್ಲಿ ಒಂದು ಸುತ್ತು ಓಡಿತು. ಅಷ್ಟು ಹೊತ್ತು ಅವಳು ಎದುರಿನ ಗಾಜನ್ನೇ ನೋಡುತ್ತಿದ್ದಳು. ನನ್ನ ಲೆಕ್ಕಾಚಾರ ಅವಳಿಗೆ ಕೇಳಿಸುತ್ತಿದೆ ಅನ್ನಿಸಿತು.

"ಕೈ ವಾಸಿ ಆಗೂತನಕ ಬರಬ್ಯಾಡ" ಎಂದೆ. "ಆಮೇಲೆ ನೀ ಬಡಿ, ಶಾಂತಾ ಬೇಯಿಸ್ತಾಳ. ಒಲಿ ಕಡೆ ಮಾತ್ರ ಕೈ ಹಾಕಬ್ಯಾಡ."

"ಅರ್ಧಾ ಕೆಲಸಕ್ಕ ಅರ್ಧಾ ಪಗಾರ ಏನ್ರಿ?"

"ಪೂರಾ."

ಸ್ವಲ್ಪ ದೂರ ಹೋದ ಮೇಲೆ, "ನೀವು ಚೌಕಾಶಿ ಇಲ್ದ ಒಪ್ಪಿದ್ದು ಇದಽ ಮೊದಲು ನೋಡ್ರಿ" ಎಂದಳು. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ.

ಅವಳು ಮರಳಿ ಬರುವ ಹಿಂದಿನ ದಿನ ಕಟ್ಟೆಯನ್ನು ಬಿಚ್ಚಿ ಹೊಸದಾಗಿ ಪೇರಿಸಿದೆ. ಈ ಸಲ ಅವಳನ್ನೇ ಕರೆದು ನಿಲ್ಲಿಸಿದೆ. ಮೊಣಕೈ ಮಡಚಿ ಅಂಗೈ ಕೆಳಗೆ ಮಾಡಿದಾಗ ಅದು ಎಲ್ಲಿ ಬಂತೋ ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಕಟ್ಟೆ. ನನ್ನ ಲೆಕ್ಕಕ್ಕಿಂತ ಒಂದು ಸಾಲು ಬ್ಲಾಕ್ ಕಡಿಮೆಯೇ ಬೇಕಾಯಿತು. ಬಲಕ್ಕೆ ಕಾಂಪೌಂಡ್ ಗೋಡೆಗೆ ಹಚ್ಚಿದೆ. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ಪುಕ್ಕಟೆ ತಂದು, ಸೀಳಿ, ಬಾಗಿಲ ಅಂಚಿಗೆ ಸುತ್ತಲೂ ಮೊಳೆ ಹೊಡೆದೆ. ಕೈಗೆ ಅಂಚು ಸಿಗುತ್ತದೆ, ರೊಟ್ಟಿ ಜಾರುವುದಿಲ್ಲ. ಒಲೆ ದೂರ, ಶಾಂತಾಳ ಕೈಗೆ. ಎಲ್ಲ ಸೇರಿ ಮೊಳೆಯ ಖರ್ಚು ಮಾತ್ರ. ಮೊದಲ ದಿನವೇ ಒಂದು ಮಾತು ಕೇಳಿದ್ದರೆ ಇಷ್ಟೇ ಖರ್ಚಿನಲ್ಲಿ ಮುಗಿಯುತ್ತಿತ್ತಲ್ಲ ಎಂದು ಮೊಳೆ ಹೊಡೆಯುವಾಗ ಪ್ರತಿ ಏಟಿಗೂ ಅನ್ನಿಸಿತು.

ಸಂಜೆ ಹಿಟ್ಟಿನ ಉಂಡೆಗಳು ಅಂಚಿನಲ್ಲಿ ಹಾಗೇ ಇರುತ್ತಿದ್ದವು. ಅವುಗಳ ಸುತ್ತ ಒರೆಸುವುದನ್ನು ಕಲಿತೆ. ದಿನಕ್ಕೆ ಎರಡು ಹೊತ್ತು ಡ್ರಾಪ್ಸ್ ಹಾಕುವುದು ಶಾಂತಾ. "ಇಲಿ ಕಾಟ ನಿಂತಂಗ ಐತ್ರಿ" ಎಂದಳು ನೀಲವ್ವ ಒಂದು ದಿನ. ನಾನು "ಬೋನು ಇಟ್ಟೀನಿ" ಎಂದೆ.

ಹದಿನೈದು ದಿನದ ಕಟ್ಟೆ ಗಣೇಶನ ಹಬ್ಬ ದಾಟಿ ದಸರಾವರೆಗೆ ನಿಂತಿತು. ಕಡೆಗೆ ಪೈಪು ಸರಿಹೋಗಿ, ಒಳಗೆ ಹೊಸ ಕಟ್ಟೆಗೆ ಕಡಪ ಕಲ್ಲು ಬಂತು. ಆರ್ಮುಗಂ ಕೊಯ್ಯುತ್ತಿದ್ದ, ನಾನು ನೀರು ಬಿಡುತ್ತಿದ್ದೆ, ಓಣಿಯೆಲ್ಲ ಅದೇ ವಾಸನೆ. ಕಲ್ಲು ಕೂರಿಸಿ, ಅಂಚು ಉಜ್ಜಿ ನುಣುಪು ಮಾಡಿ ಮುಗಿಸಿದ ಮೇಲೆ ಎಡಗಡೆ ಒಂದು ಜಾಗ ತೋರಿಸಿ, "ಇಲ್ಲಿ ಒಂದು ಹೆಬ್ಬೆರಳಷ್ಟು ಒಡಿ" ಎಂದೆ.

"ಏನ್ ಸಾರ್? ಹೊಸ ಕಲ್ಲು ಸಾರ್!"

"ಗೊತ್ತು. ಒಡಿ."

"ಬೇರೆಯೋರು ಸಣ್ಣ ಚೂರು ಹೋದ್ರೂ ದುಡ್ಡು ಹಿಡೀತಾರೆ ಸಾರ್. ಆಮೇಲೆ ನೀವು ಹಿಡಿಯಲ್ಲ ತಾನೇ?"

"ಹಿಡಿಯಲ್ಲ. ಮೇಲೆ ನೂರು ಕೊಡ್ತೀನಿ. ಒಡಿ."

ಸದ್ದಿಗೆ ಮುನಿರಾಜಣ್ಣ ಕುರ್ಚಿ ಬಿಟ್ಟು ಎದ್ದು ಬಂದರು. ಆರು ವರ್ಷದಲ್ಲಿ ಅವರು ನನಗಾಗಿ ಕುರ್ಚಿ ಬಿಟ್ಟದ್ದು ಅದೊಂದೇ ಸಲ. "ಲೇ ಈರಣ್ಣ, ತಲೆ ಗಿಲೆ ಕೆಟ್ಟಿದ್ಯೇನೋ! ನಮ್ಮನೆ ಕಲ್ಲು ಅದು. ನಾಳೆ ನೀನೇ ಆ ಮುಕ್ಕು ತೋರ್ಸಿ ಬಾಡಿಗೆ ಕಮ್ಮಿ ಮಾಡು ಅಂತೀಯ, ನಿನ್ನ ಬುದ್ಧಿ ನಂಗೊತ್ತಿಲ್ವಾ?"

"ಅನ್ನಲ್ಲಣ್ಣ. ಬೇಕಿದ್ರೆ ಬರೆದು ಕೊಡ್ತೀನಿ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಹಳೇ ಬಾಗಿಲನ್ನು ನಾನು ನೋಡುವ ಹಾಗೆ, ಎಲ್ಲೋ ಹುಳುಕು ಇರಲೇಬೇಕು ಎಂಬಂತೆ.

ಮರುದಿನ ನೀಲವ್ವ ಒಳಗೆ ಬಂದಳು. ಬಾಗಿಲಿನಿಂದ ನಾಲ್ಕು ಹೆಜ್ಜೆ, ಅಭ್ಯಾಸದಂತೆ. ಬಲ ಮೊಣಕೈ ಗೋಡೆಗೆ ತಾಗಿತು. ಎಡಗೈ ಕಟ್ಟೆಯ ಅಂಚಿನ ಮೇಲೆ ಸರಿಯುತ್ತ ಬಂತು, ಅಂಗೈಯ ಸುಟ್ಟ ಕಲೆ ಇನ್ನೂ ಗುಲಾಬಿ ಬಣ್ಣದಲ್ಲಿತ್ತು. ಹೆಬ್ಬೆರಳು ಮುಕ್ಕಿಗೆ ಸಿಕ್ಕಿ ನಿಂತಿತು. ಅವಳೂ ನಿಂತಳು. ಶಾಂತಾ ಸೌಟು ಹಿಡಿದುಕೊಂಡೇ ನೋಡುತ್ತಿದ್ದಳು.

"ಕಲ್ಲು ಹಳೇದೇನ್ರಿ?"

"ಹೌದು" ಎಂದೆ. "ಮುಕ್ಕು ಇತ್ತು ಅಂತ ಕಡಿಮಿಗೆ ಕೊಟ್ಟ. ನನ್ನ ಬುದ್ಧಿ ನಿನಗ ಗೊತ್ತಲ್ಲ."

ಅವಳು ಹೆಬ್ಬೆರಳನ್ನು ಆ ಮುಕ್ಕಿನ ಒಳಗೆ ಒಂದು ಸುತ್ತು ಆಡಿಸಿದಳು, ನಿಧಾನಕ್ಕೆ.

"ಇದರ ಅಂಚು ಇನ್ನೂ ಚೂಪ್ ಐತ್ರಿ, ಕೊಯ್ದಂಗ ಆಗ್ತೈತಿ. ನಿನ್ನಿನೋ ಮೊನ್ನಿನೋ ಒಡದದ್ದು." ಎದುರಿನ ಗೋಡೆ ನೋಡುತ್ತಲೇ ಬೋಗುಣಿಗೆ ಕೈ ಚಾಚಿದಳು. ಅದು ಅಲ್ಲೇ ಇತ್ತು. "ಭಾರೀ ಇಲಿ ಐತಲ್ರಿ ನಿಮ್ಮ ಖಾನಾವಳ್ಯಾಗ. ಮೊದಲು ಹಿಟ್ಟು ತಿಂತಿತ್ತು, ಈಗ ಕಲ್ಲೂ ಕಡೀತೈತಿ."

ನಾನು ಗಲ್ಲಾದ ಕಡೆ ಹೊರಟೆ. ಹಿಂದಿನಿಂದ ಮೊದಲ ರೊಟ್ಟಿ ಬಡಿಯುವ ಸದ್ದು ಬಂತು.